ಹತ್ತೇ ದೊಡ್ಡ ರಜೆ

ಏಪ್ರಿಲ್ ಹತ್ತು ಎಂದರೆ ಕರ್ನಾಟಕದ ಶಾಲಾ ಮಕ್ಕಳಿಗೆ ಬಹುಕಾಲದಿಂದ ಒಂದೇ ಅರ್ಥ. ಅಂದು ಫಲಿತಾಂಶ, ಮಾರನೆಯ ದಿನದಿಂದ ದೊಡ್ಡ ರಜೆ. ಅಂಕಪಟ್ಟಿ ಹಿಡಿದು ಮನೆಗೆ ಓಡಿ ಬರುವ ಮಗುವಿನ ಮುಖದಲ್ಲಿ ಹಿಗ್ಗು. ಬಾಗಿಲಲ್ಲಿ ನಿಂತ ತಾಯಿಯ ಮುಖದಲ್ಲಿ ಮಾತ್ರ ಒಂದು ಸಣ್ಣ ಕಳವಳ. ಇನ್ನು ಇವರನ್ನು ಹಿಡಿದಿಡುವುದು ಹೇಗೆ?

ಮೈಸೂರಿನ ಯಾವುದೋ ಬಡಾವಣೆಯ ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಬಹುದು. ಇಂಥ ಮನೆಗಳು ಎಲ್ಲ ಊರುಗಳಲ್ಲೂ ಇವೆ. ತಂದೆ ಸೀರೆ ಅಂಗಡಿಯಲ್ಲಿ ಗುಮಾಸ್ತರು. ತಾಯಿ ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ರವಿಕೆ ಹೊಲಿಯುತ್ತಾರೆ. ಮಗಳು ಒಂಬತ್ತನೇ ತರಗತಿ ಮುಗಿಸಿದ್ದಾಳೆ, ಮಗ ಐದನೆಯದನ್ನು. ಏಪ್ರಿಲ್-ಮೇ ಮದುವೆಯ ಕಾಲ. ಅಂಗಡಿಯಲ್ಲಿ ಉಸಿರಾಡಲು ಪುರಸೊತ್ತಿಲ್ಲ, ಮನೆಯಲ್ಲಿ ರವಿಕೆ ಬಟ್ಟೆಗಳ ರಾಶಿ. ಮಕ್ಕಳಿಗೆ ರಜೆ ಬರುವ ಹೊತ್ತಿಗೇ ಅಪ್ಪ ಅಮ್ಮನಿಗೆ ವರ್ಷದಲ್ಲೇ ಅತಿ ಹೆಚ್ಚಿನ ಕೆಲಸ.

"ಅಪ್ಪಾ, ನಾಳೆಯಿಂದ ಏನು ಮಾಡೋದು?" ಎಂದು ಮಗ ಕೇಳುತ್ತಾನೆ.

"ಏನು ಮಾಡೋದು ಅಂದ್ರೆ? ಅಮ್ಮನಿಗೆ ತೊಂದರೆ ಕೊಡದೆ ಸುಮ್ನೆ ಇರೋದು."

ಮಗಳು ಏನೂ ಕೇಳುವುದಿಲ್ಲ. ಗಣಿತದಲ್ಲಿ ಬಂದಿರುವುದು ನೂರಕ್ಕೆ ಮೂವತ್ತೆಂಟು. ಅಂಕಪಟ್ಟಿಯನ್ನು ನೋಟ್‌ಬುಕ್ಕಿನೊಳಗೆ ಮಡಿಸಿಟ್ಟಿದ್ದಾಳೆ. ಅದು ಕೈಗೆ ಸಿಕ್ಕಿದಾಗ ತಂದೆ ಹೇಳುವುದು ಒಂದೇ ಮಾತು: "ಮುಂದಿನ ವರ್ಷ ಎಸ್ಸೆಸ್ಸೆಲ್ಸಿ. ನಿನಗೆ ರಜೆ ಗಿಜೆ ಏನೂ ಇಲ್ಲ. ನಾಳೆಯಿಂದಲೇ ಟ್ಯೂಷನ್ನು." ಮಗಳು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ.

ಹೀಗೆ ರಜೆ ಆರಂಭವಾಗುವ ಮುನ್ನವೇ ಒಬ್ಬರಿಗೆ ಬೇಸರ, ಇನ್ನೊಬ್ಬರಿಗೆ ಶಿಕ್ಷೆ.

ದಿನ ಎಣಿಸಿ ನೋಡಿದರೆ

ರಾಜ್ಯ ಪಠ್ಯಕ್ರಮದ ಶಾಲೆಗಳಿಗೆ ಸಾಮಾನ್ಯವಾಗಿ ಏಪ್ರಿಲ್ ಎರಡನೆಯ ವಾರದಿಂದ ಮೇ ಕೊನೆಯ ವಾರದವರೆಗೆ ರಜೆ. ಎಂದರೆ ಸುಮಾರು ಏಳು ವಾರ. ಕೇಂದ್ರ ಪಠ್ಯಕ್ರಮದ ಶಾಲೆಗಳಲ್ಲಿ ಲೆಕ್ಕ ಸ್ವಲ್ಪ ಬೇರೆ. ಏಳು ವಾರ ಕೇಳಲಿಕ್ಕೆ ದೊಡ್ಡದು. ಆದರೆ ಮೊದಲ ವಾರ ನಿದ್ದೆಯಲ್ಲಿ, ಕೊನೆಯ ವಾರ ಪುಸ್ತಕ, ಸಮವಸ್ತ್ರ, ಶುಲ್ಕದ ಗಡಿಬಿಡಿಯಲ್ಲಿ ಕಳೆಯುತ್ತದೆ. ನಡುವೆ ಎರಡು ಮದುವೆ, ಒಂದು ಗೃಹಪ್ರವೇಶ. ನಿಜವಾಗಿ ಕೈಗೆ ಸಿಗುವುದು ನಾಲ್ಕೇ ವಾರ.

ಇನ್ನೊಂದು ಲೆಕ್ಕವನ್ನು ಪಾಲಕರು ಮಾಡಿರುವುದಿಲ್ಲ. ಒಂದನೇ ತರಗತಿಯಿಂದ ಹತ್ತನೇ ತರಗತಿಯವರೆಗೆ ಮಗುವಿಗೆ ಸಿಗುವುದು ಹತ್ತೇ ದೊಡ್ಡ ರಜೆ. ಹತ್ತನೆಯದು ಕಾಲೇಜಿನ ಅರ್ಜಿ, ಅಂಕಗಳ ಚಿಂತೆಯಲ್ಲಿ ಹೋಗುತ್ತದೆ. ಒಂಬತ್ತನೆಯದನ್ನು ಟ್ಯೂಷನ್ನು ನುಂಗುತ್ತದೆ. ಮೊದಲ ಎರಡರಲ್ಲಿ ಮಗು ತೀರಾ ಚಿಕ್ಕದು, ದೊಡ್ಡವನಾದ ಮೇಲೆ ಅದರ ನೆನಪೂ ಉಳಿಯುವುದಿಲ್ಲ. ಆಮೇಲೆ ಹಾಸ್ಟೆಲು, ಬೇರೆ ಊರು, ಕೆಲಸ. ಹೀಗೆ ನೋಡಿದರೆ ತಂದೆ-ತಾಯಿ-ಮಕ್ಕಳು ಒಟ್ಟಿಗೆ ಇದ್ದು, ಒಟ್ಟಿಗೆ ಏನಾದರೂ ಮಾಡಬಹುದಾದ ದೊಡ್ಡ ರಜೆಗಳು ಐದೋ ಆರೋ.

ಅದಕ್ಕೇ ಇದನ್ನು "ಹೇಗಾದರೂ ಕಳೆಯಬೇಕಾದ ಕಾಲ" ಎಂದುಕೊಳ್ಳುವುದು ತಪ್ಪು. ಹಾಗೆಂದು ಗಂಟೆಗೊಂದು ತರಗತಿಯಂತೆ ಬೆಳಿಗ್ಗೆ ಕರಾಟೆ, ಮಧ್ಯಾಹ್ನ ಚಿತ್ರಕಲೆ, ಸಂಜೆ ಅಬ್ಯಾಕಸ್ ಎಂದು ತುಂಬುವುದೂ ಸರಿಯಲ್ಲ. ಅದು ಇನ್ನೊಂದು ಶಾಲೆಯಾಯಿತೇ ಹೊರತು ರಜೆಯಾಗಲಿಲ್ಲ.

ಬೇಸಿಗೆ ಶಿಬಿರಗಳು ಕೆಟ್ಟವೇನೂ ಅಲ್ಲ. ಮೈಸೂರಿನ ರಂಗಾಯಣ ನಡೆಸಿಕೊಂಡು ಬಂದಿರುವ ಚಿಣ್ಣರ ಮೇಳದಂಥ ಶಿಬಿರದಲ್ಲಿ ಮಕ್ಕಳು ಹಾಡು, ಕುಣಿತ, ನಾಟಕ ಕಲಿತು ಕೊನೆಗೆ ರಂಗದ ಮೇಲೆ ನಿಲ್ಲುತ್ತಾರೆ. ನಾಚಿಕೆಯ ಮಗುವಿಗೆ ಅಲ್ಲಿ ಬಾಯಿ ಬರುತ್ತದೆ. ಆದರೆ ಎಲ್ಲರಿಗೂ ಇಂಥ ಅವಕಾಶ ಸಿಗುವುದಿಲ್ಲ, ಎಲ್ಲ ಊರಿನಲ್ಲೂ ಇರುವುದಿಲ್ಲ. ಖಾಸಗಿ ಶಿಬಿರದ ಶುಲ್ಕ ಕೇಳಿದರೆ ಗುಮಾಸ್ತರ ಸಂಬಳ ಕೈಮುಗಿಯುತ್ತದೆ. ಶಿಬಿರ ಸಿಗದಿದ್ದರೆ ರಜೆ ಹಾಳಾಯಿತೆಂದು ಕೊರಗಬೇಕಾಗಿಲ್ಲ. ಮನೆಯಲ್ಲೇ ಆಗಬಹುದಾದದ್ದು ಬಹಳವಿದೆ.

ಒಂದು ಸಂಜೆ, ಒಂದು ಹಾಳೆ

ಅಂದು ರಾತ್ರಿ ತಾಯಿ ಒಂದು ಕೆಲಸ ಮಾಡುತ್ತಾರೆ. ಹಳೆಯ ಕ್ಯಾಲೆಂಡರಿನ ಹಾಳೆಯೊಂದನ್ನು ಮಗುಚಿ, ಹಿಂಬದಿಯಲ್ಲಿ ಏಳು ಸಾಲು, ಏಳು ಕಂಬಗಳ ಚೌಕ ಹಾಕುತ್ತಾರೆ. ನಲವತ್ತೊಂಬತ್ತು ಮನೆ. ಊಟವಾದ ಮೇಲೆ ನಾಲ್ವರೂ ಅದರ ಸುತ್ತ ಕೂರುತ್ತಾರೆ.

ಮೊದಲು ತುಂಬುವುದು ಆಗಲೇ ನಿಗದಿಯಾದ ದಿನಗಳನ್ನು: ಮದುವೆಗಳು, ಅಂಗಡಿಗೆ ವಾರದ ರಜೆ ಇರುವ ದಿನ, ಊರಹಬ್ಬ. ಆಮೇಲೆ ಒಬ್ಬೊಬ್ಬರೂ ತಮಗೆ ಬೇಕಾದದ್ದು ಒಂದನ್ನು ಹೇಳಬೇಕು. ಒಂದೇ ಒಂದು. ಉಳಿದವರು ನಗಬಾರದು.

ಮಗನಿಗೆ ಈಜು ಕಲಿಯಬೇಕು. ತಾಯಿಗೆ ಹುಣಸೂರಿನ ಹತ್ತಿರದ ತವರೂರಿನಲ್ಲಿ ಒಂದು ವಾರ ಇರಬೇಕು. ಅಜ್ಜಿಗೆ ಈಚೆಗೆ ಮಂಡಿನೋವು ಹೆಚ್ಚಾಗಿದೆ. ತಂದೆ ಸ್ವಲ್ಪ ಹೊತ್ತು ಯೋಚಿಸಿ, "ಎಲ್ಲರೂ ಕೂಡಿ ಒಂದು ದಿನ ಎಲ್ಲಾದರೂ ಹೋಗೋಣ, ಅಷ್ಟೇ," ಎನ್ನುತ್ತಾರೆ. ಮಗಳ ಸರದಿ ಬಂದಾಗ ಅವಳು ನೆಲ ನೋಡುತ್ತಾಳೆ.

"ಟ್ಯೂಷನ್ನಿಗೆ ಹೋಗ್ತೀನಿ. ಆದ್ರೆ ಮೊದಲ್ನೇ ಮೂರು ವಾರ ಬೇಡ. ಅಲ್ಲಿ ಎಲ್ಲರ ಮುಂದೆ ಬೋರ್ಡಿಗೆ ಕರೀತಾರೆ. ನನಗೆ ಕೈ ನಡುಗುತ್ತೆ."

ಮೂವತ್ತೆಂಟು ಅಂಕದ ಹಿಂದೆ ಇರುವುದು ಸೋಮಾರಿತನವಲ್ಲ, ಭಯ ಎಂಬುದು ತಂದೆಗೆ ಆಗ ಗೊತ್ತಾಗುತ್ತದೆ. ಬರಿಯ ಬೈಗುಳದಿಂದ ಇದು ಹೊರಬರುತ್ತಿರಲಿಲ್ಲ. ರಜೆಯ ಯೋಜನೆ ಎಂದರೆ ಚಟುವಟಿಕೆಗಳ ಪಟ್ಟಿ ಮಾತ್ರವಲ್ಲ. ಮನೆಯವರು ಒಬ್ಬರ ಮಾತನ್ನು ಒಬ್ಬರು ಕೇಳಿಸಿಕೊಳ್ಳುವುದಕ್ಕೆ ಅದೊಂದು ನೆಪ.

ಈ ಸಭೆಗೆ ನಾಲ್ಕು ನಿಯಮಗಳಿದ್ದರೆ ಸಾಕು. ಹಾಳೆ ಎಲ್ಲರ ಕಣ್ಣಿಗೆ ಬೀಳುವ ಗೋಡೆಯ ಮೇಲಿರಬೇಕು. ಖರ್ಚು ಎಷ್ಟೆಂದು ಮಕ್ಕಳಿಗೂ ತಿಳಿದಿರಬೇಕು. "ಇಷ್ಟೇ ಇರೋದು" ಎಂದು ಹೇಳಿದರೆ ಮಕ್ಕಳು ಅರ್ಥ ಮಾಡಿಕೊಳ್ಳುತ್ತಾರೆ. ಮೊಬೈಲು, ಟಿ.ವಿ.ಗೆ ಇಂತಿಷ್ಟು ಹೊತ್ತು ಎಂದು ಗೊತ್ತುಮಾಡಿದರೆ ಅದು ದೊಡ್ಡವರಿಗೂ ಅನ್ವಯಿಸಬೇಕು. ಕೊನೆಯದಾಗಿ, ವಾರಕ್ಕೆ ಎರಡು ಚೌಕವನ್ನಾದರೂ ಖಾಲಿ ಬಿಡಬೇಕು.

ನೆರಳಿನ ಗಣಿತ

ಮಗಳ ಮೂರು ವಾರದ ಬಿಡುವನ್ನು ಏನು ಮಾಡುವುದು? ಇದಕ್ಕೆ ಉತ್ತರ ಕಲಬುರಗಿಯಿಂದ ಬರುತ್ತದೆ. ಅಲ್ಲಿ ಕೆಲಸದಲ್ಲಿರುವ ಸೋದರಮಾವ ಫೋನಿನಲ್ಲಿ, "ನಿಮ್ಮೂರಲ್ಲಿ ನೆರಳಿಲ್ಲದ ದಿನ ಬರ್ತದಲ್ಲ, ಕೋಲು ನೆಟ್ಟು ನೋಡಮ್ಮ. ಇಲ್ಲಿ ನಾವೂ ನೋಡ್ತೀವಿ," ಎನ್ನುತ್ತಾರೆ.

ಕರ್ಕಾಟಕ ಸಂಕ್ರಾಂತಿ ವೃತ್ತಕ್ಕೂ ಮಕರ ಸಂಕ್ರಾಂತಿ ವೃತ್ತಕ್ಕೂ ನಡುವೆ ಇರುವ ಊರುಗಳಲ್ಲಿ ಸೂರ್ಯ ವರ್ಷಕ್ಕೆ ಎರಡು ಸಲ ನೆತ್ತಿಯ ಮೇಲೆ ನೇರವಾಗಿ ನಿಲ್ಲುತ್ತಾನೆ. ಆಗ ನೆಟ್ಟಗೆ ನಿಂತ ಕಂಬಕ್ಕೆ ನೆರಳೇ ಇರುವುದಿಲ್ಲ. ಇಡೀ ಕರ್ನಾಟಕ ಈ ಪಟ್ಟಿಯೊಳಗಿದೆ. ಎರಡನೆಯ ಸಲ ಆಗಸ್ಟಿನಲ್ಲಿ. ಆಗ ಮೋಡ, ಮಳೆ, ಶಾಲೆ. ಮೊದಲ ಸಲ ಮಾತ್ರ ಸರಿಯಾಗಿ ಬೇಸಿಗೆ ರಜೆಯಲ್ಲೇ ಬರುತ್ತದೆ. ಮೈಸೂರಿಗೆ ಏಪ್ರಿಲ್ 22 ಅಥವಾ 23ರ ಸುಮಾರಿಗೆ, ಬೆಂಗಳೂರು-ಮಂಗಳೂರುಗಳಿಗೆ 24 ಅಥವಾ 25ಕ್ಕೆ, ಹುಬ್ಬಳ್ಳಿಗೆ ಮೇ 2ರ ಹೊತ್ತಿಗೆ, ಕಲಬುರಗಿಗೆ ಮೇ 9-10ಕ್ಕೆ, ಬೀದರಿಗೆ ಮೇ 12ರ ಸುಮಾರಿಗೆ. ಸೂರ್ಯ ದಕ್ಷಿಣದಿಂದ ಉತ್ತರಕ್ಕೆ ನಾಡನ್ನು ದಾಟಲು ಸುಮಾರು ಮೂರು ವಾರ ತೆಗೆದುಕೊಳ್ಳುತ್ತಾನೆ.

ಹೊತ್ತು ಸರಿಯಾಗಿ ಹನ್ನೆರಡಲ್ಲ. ಭಾರತದ ಗಡಿಯಾರ 82.5 ಡಿಗ್ರಿ ರೇಖಾಂಶಕ್ಕೆ ಹೊಂದಿಸಿದ್ದು. ಕರ್ನಾಟಕ ಅದಕ್ಕಿಂತ ಪಶ್ಚಿಮಕ್ಕಿರುವುದರಿಂದ ಇಲ್ಲಿ ನಡು ಮಧ್ಯಾಹ್ನ ತಡವಾಗಿ ಬರುತ್ತದೆ. ಮೈಸೂರಿನಲ್ಲಿ ಅದು ಏಪ್ರಿಲ್ ಕೊನೆಯ ಭಾಗದಲ್ಲಿ ಸುಮಾರು 12 ಗಂಟೆ 22 ನಿಮಿಷಕ್ಕೆ.

ಮಾಡುವ ಕ್ರಮ ಸುಲಭ. ಒಂದು ಮೀಟರು ಉದ್ದದ ನೇರ ಕೋಲನ್ನು ಸಮತಟ್ಟಾದ ನೆಲದಲ್ಲಿ ನೆಡಬೇಕು. ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ಕೋಲು ನೆಟ್ಟಗಿದೆಯೇ ಎಂದು ನೋಡಬೇಕು. ಹನ್ನೆರಡು ಹತ್ತರಿಂದ ಹನ್ನೆರಡು ಮೂವತ್ತೈದರವರೆಗೆ ಎರಡೆರಡು ನಿಮಿಷಕ್ಕೆ ನೆರಳಿನ ತುದಿಯಲ್ಲಿ ಸೀಮೆಸುಣ್ಣದ ಗುರುತು ಹಾಕಬೇಕು. ಎಲ್ಲಕ್ಕಿಂತ ಗಿಡ್ಡ ನೆರಳು ಯಾವುದೋ ಅದನ್ನು ಅಳೆಯಬೇಕು. ತಲೆಗೆ ಟೋಪಿ ಇರಲಿ, ನಡುವೆ ನೆರಳಿನಲ್ಲಿ ಕೂರಲಿ. ಸೂರ್ಯನನ್ನು ಬರಿಗಣ್ಣಿನಿಂದ ನೋಡಲೇಬಾರದು, ನೋಡಬೇಕಾದದ್ದು ನೆಲವನ್ನು.

ಮೈಸೂರು ಮತ್ತು ಕಲಬುರಗಿ ಹೆಚ್ಚುಕಡಿಮೆ ಒಂದೇ ರೇಖಾಂಶದ ಮೇಲಿವೆ, ಒಂದರ ನೇರ ಉತ್ತರಕ್ಕೆ ಇನ್ನೊಂದು. ಮೈಸೂರಿನ ಕೋಲಿಗೆ ನೆರಳಿಲ್ಲದ ದಿನ, ಅದೇ ಹೊತ್ತಿನಲ್ಲಿ, ಕಲಬುರಗಿಯ ಒಂದು ಮೀಟರು ಕೋಲಿಗೆ ಸುಮಾರು ಎಂಟೂಮುಕ್ಕಾಲು ಸೆಂಟಿಮೀಟರು ನೆರಳು ಇರುತ್ತದೆ. ಮಾವ ಫೋನಿನಲ್ಲಿ ಹೇಳಿದ ಆ ಅಳತೆಯನ್ನು ಮಗಳು ಕಾಗದದ ಮೇಲೆ ಐದರಲ್ಲೊಂದು ಪಾಲಿಗೆ ಇಳಿಸಿ ಬರೆಯುತ್ತಾಳೆ: ಇಪ್ಪತ್ತು ಸೆಂಟಿಮೀಟರಿನ ನಿಂತ ಗೆರೆ, ಅದರ ಬುಡದಲ್ಲಿ ಒಂದೂಮುಕ್ಕಾಲು ಸೆಂಟಿಮೀಟರಿನ ಅಡ್ಡ ಗೆರೆ. ತುದಿಗಳನ್ನು ಕೂಡಿಸಿ ಕೋನಮಾಪಕ ಇಟ್ಟರೆ ಮೇಲಿನ ಕೋನ ಐದು ಡಿಗ್ರಿ. ಎಂದರೆ ಭೂಮಿಯ ದುಂಡಿನಲ್ಲಿ ಈ ಎರಡು ಊರುಗಳ ನಡುವಿನ ಪಾಲು 360ರಲ್ಲಿ ಐದು, ಎಪ್ಪತ್ತೆರಡರಲ್ಲಿ ಒಂದು. ಭೂಪಟದಲ್ಲಿ ಅಳತೆಪಟ್ಟಿ ಇಟ್ಟು ನೋಡಿದರೆ ನಡುವಿನ ನೇರ ದೂರ ಸುಮಾರು 555 ಕಿಲೋಮೀಟರು. ಬಸ್ಸಿನ ದೂರ ಹಾಕಿದರೆ ಲೆಕ್ಕ ತಪ್ಪುತ್ತದೆ. ರಸ್ತೆ ಸುತ್ತಿ ಬಳಸಿ ಹೋಗುತ್ತದೆ. 555ನ್ನು 72ರಿಂದ ಗುಣಿಸಿದರೆ 39,960. ಭೂಮಿಯ ಸುತ್ತಳತೆ ಸುಮಾರು ನಲವತ್ತು ಸಾವಿರ ಕಿಲೋಮೀಟರು!

ಎರಡು ಸಾವಿರದ ಇನ್ನೂರು ವರ್ಷಗಳ ಹಿಂದೆ ಎರಟೊಸ್ತನೀಸ್ ಎಂಬ ಗ್ರೀಕ್ ವಿದ್ವಾಂಸ ಈಜಿಪ್ಟಿನಲ್ಲಿ ಮಾಡಿದ ಲೆಕ್ಕವೂ ಇದೇ ಬಗೆಯದು. ಅಳತೆಯಲ್ಲಿ ಅರ್ಧ ಸೆಂಟಿಮೀಟರು ಹೆಚ್ಚುಕಡಿಮೆಯಾದರೆ ಉತ್ತರದಲ್ಲಿ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ವ್ಯತ್ಯಾಸ ಬರಬಹುದು. ಬರಲಿ. ಏಕೆ ತಪ್ಪಿತು ಎಂದು ಹುಡುಕುವುದೂ ಪಾಠವೇ. ನೆರಳಿನ ಉದ್ದವನ್ನು ಕೋಲಿನ ಉದ್ದದಿಂದ ಭಾಗಿಸಿದರೆ ಬರುವುದನ್ನೇ ಹತ್ತನೇ ತರಗತಿಯ ತ್ರಿಕೋನಮಿತಿಯಲ್ಲಿ "ಟ್ಯಾನ್" ಎನ್ನುತ್ತಾರೆ. ಮುಂದಿನ ವರ್ಷ ಆ ಅಧ್ಯಾಯ ತೆರೆದಾಗ ಮಗಳ ಕಣ್ಣ ಮುಂದೆ ಬರುವುದು ಬೋರ್ಡು ಅಲ್ಲ, ಮಾಳಿಗೆಯ ಮೇಲಿನ ಕೋಲು.

ಸಂಜೆ ಅಂಗಡಿಯಿಂದ ಬಂದ ತಂದೆಗೆ ಅವಳೇ ಎಲ್ಲವನ್ನೂ ಬರೆದು ವಿವರಿಸುತ್ತಾಳೆ. ಕೈ ನಡುಗುವುದಿಲ್ಲ.

ಊರಿನ ಕಲ್ಲು, ಅಜ್ಜಿಯ ಮಾತು

ಅಜ್ಜಿಯ ಊರಿಗೆ ಹೋಗುವುದು ಎಂದರೆ ಹಲಸಿನ ಹಣ್ಣು ತಿಂದು ಮಲಗುವುದಷ್ಟೇ ಅಲ್ಲ. ಹಳೆಯ ಮೈಸೂರಿನ ಹಳ್ಳಿಗಳಿಗೆ ಹೋದರೆ ಊರ ಮುಂದೆಯೋ ಗುಡಿಯ ಪಕ್ಕದಲ್ಲೋ ಕೆರೆ ಏರಿಯ ಮೇಲೋ ಒಂದಾದರೂ ವೀರಗಲ್ಲು ಕಾಣಸಿಗುವ ಸಂಭವ ಹೆಚ್ಚು. ಬಹಳ ಕಡೆ ಅದಕ್ಕೆ ಎಮ್ಮೆ ಕಟ್ಟುತ್ತಾರೆ, ಬಟ್ಟೆ ಒಗೆಯುತ್ತಾರೆ. ಅದನ್ನು ಓದುವ ಬಗೆಯನ್ನು ಮಕ್ಕಳಿಗೆ ತೋರಿಸಬಹುದು. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ನೋಡಬೇಕು. ಕೆಳಗಿನ ಪಟ್ಟಿಯಲ್ಲಿ ಕಾಳಗ. ದನಗಳಿದ್ದರೆ ಅದು ತುರುಗಳನ್ನು ಬಿಡಿಸಲು ನಡೆದ ಹೋರಾಟ. ನಡುವಿನ ಪಟ್ಟಿಯಲ್ಲಿ ಸತ್ತ ವೀರನನ್ನು ಅಪ್ಸರೆಯರು ಕರೆದೊಯ್ಯುತ್ತಾರೆ. ಮೇಲಿನ ಪಟ್ಟಿಯಲ್ಲಿ ಅವನು ಲಿಂಗದ ಮುಂದೆ ಕೈಲಾಸದಲ್ಲಿ ಕುಳಿತಿರುತ್ತಾನೆ. ಒಂದು ಕಲ್ಲಿನಲ್ಲಿ ಒಂದು ಇಡೀ ಕತೆ.

ಬರಹವಿರುವ ಕಲ್ಲಾದರೆ ದೊಡ್ಡ ಮಕ್ಕಳಿಗೆ ಇನ್ನೊಂದು ಕೆಲಸವಿದೆ. ಬಿ.ಎಲ್. ರೈಸ್ ಅವರು ಸಂಪಾದಿಸಿದ "ಎಪಿಗ್ರಾಫಿಯಾ ಕರ್ನಾಟಿಕಾ"ದ ಹನ್ನೆರಡು ಸಂಪುಟಗಳು 1886ರಿಂದ 1905ರ ನಡುವೆ ಪ್ರಕಟವಾದವು. ಹಳೆಯ ಮೈಸೂರು ಮತ್ತು ಕೊಡಗಿನ ಶಾಸನಗಳನ್ನು ಅವುಗಳಲ್ಲಿ ಜಿಲ್ಲೆ, ತಾಲ್ಲೂಕುವಾರು ಜೋಡಿಸಿದ್ದಾರೆ. ದೊಡ್ಡ ಗ್ರಂಥಾಲಯಗಳಲ್ಲಿ ಸಿಗುವ ಆ ಸಂಪುಟದಲ್ಲಿ ಅಜ್ಜಿಯ ಊರಿನ ಹೆಸರನ್ನು ಹುಡುಕುವುದು ಹದಿನಾಲ್ಕು ವರ್ಷದ ಹುಡುಗಿಗೆ ಪತ್ತೇದಾರಿ ಕೆಲಸವಿದ್ದಂತೆ.

ಅಜ್ಜಿಯೇ ಒಂದು ಗ್ರಂಥಾಲಯ. ಆದರೆ ಅದಕ್ಕೆ ಪುಟ ತಿರುಗಿಸುವವರು ಬೇಕು. "ಹಳೇ ಕತೆ ಹೇಳಜ್ಜಿ" ಎಂದರೆ ಅವರಿಗೆ ಏನು ಹೇಳಬೇಕೆಂದು ತೋಚುವುದಿಲ್ಲ. ಸಣ್ಣ ಸಣ್ಣ ಪ್ರಶ್ನೆ ಕೇಳಬೇಕು. ನೀರು ಯಾವ ಬಾವಿಯಿಂದ ತರುತ್ತಿದ್ದಿರಿ? ಊರಿಗೆ ಮೊದಲ ಬಸ್ಸು ಬಂದದ್ದು ಯಾವಾಗ? ಕರೆಂಟು ಬಂದ ರಾತ್ರಿ ಜನ ಏನು ಮಾಡಿದರು? ಆಗ ಬೆಳೆಯುತ್ತಿದ್ದ, ಈಗ ಇಲ್ಲದ ರಾಗಿ-ಭತ್ತದ ತಳಿಗಳ ಹೆಸರೇನು? ಉತ್ತರಗಳನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳಬಹುದು. ಮಕ್ಕಳ ಕೈಯಲ್ಲಿ ಮೊಬೈಲು ಇರಬೇಕಾದ ಹೊತ್ತು ಯಾವುದಾದರೂ ಇದ್ದರೆ ಅದು ಇದು.

ಮಳೆಯ ವಿಷಯ ಎತ್ತಿದರಂತೂ ಅಜ್ಜಿ ನಿಲ್ಲಿಸುವುದಿಲ್ಲ. "ಏಪ್ರಿಲ್ಲಲ್ಲಿ ಬರೋದು ಅಶ್ವಿನಿ ಮಗ, ಆಮೇಲೆ ಭರಣಿ, ಕೃತ್ತಿಕೆ, ಆಮೇಲೆ ರೋಹಿಣಿ," ಎಂದು ಬೆರಳು ಮಡಿಸುತ್ತಾರೆ. ಒಂದೊಂದು ಮಳೆಗೆ ಹದಿಮೂರು-ಹದಿನಾಲ್ಕು ದಿನ. ತಳ ಸಪಾಟಾದ, ಬದಿ ನೇರವಾದ ಡಬ್ಬಿಯೊಂದನ್ನು ಬಯಲಿನಲ್ಲಿಟ್ಟು, ಮಳೆ ನಿಂತ ಮೇಲೆ ಅಳತೆಪಟ್ಟಿಯಿಂದ ನೀರಿನ ಎತ್ತರವನ್ನು ಮಿಲಿಮೀಟರಿನಲ್ಲಿ ಅಳೆದರೆ ಅದೇ ಮಳೆಮಾಪನ. ಅಜ್ಜಿಯ ನಕ್ಷತ್ರದ ಹೆಸರಿನ ಮುಂದೆ ಮೊಮ್ಮಗನ ಮಿಲಿಮೀಟರು ಬರೆದಿಟ್ಟರೆ ಎರಡು ತಲೆಮಾರಿನ ವಿದ್ಯೆ ಒಂದೇ ಸಾಲಿಗೆ ಬರುತ್ತದೆ.

ಮಧ್ಯಾಹ್ನದ ಬಿಸಿಲಿಗೆ ಅಜ್ಜಿ ನೆಲದ ಮೇಲೆ ಸೀಮೆಸುಣ್ಣದಲ್ಲಿ ಐದು ಸಾಲು ಐದು ಕಂಬದ ಮನೆ ಬರೆಯುತ್ತಾರೆ. ನಾಲ್ಕು ಕವಡೆ ಇದ್ದರೆ ಚೌಕಾಬಾರ ತಯಾರು. ನಾಲ್ಕು ಬಿದ್ದರೆ ಚೌಕ, ಎಂಟು ಬಿದ್ದರೆ ಬಾರ. ಯಾವ ಕಾಯಿ ನಡೆಸಿದರೆ ಯಾವುದು ಹೊಡೆಸಿಕೊಳ್ಳುತ್ತದೆ ಎಂಬ ಲೆಕ್ಕಾಚಾರದಲ್ಲಿ ಅಜ್ಜಿಯನ್ನು ಸೋಲಿಸುವುದು ಐದನೇ ತರಗತಿಯವನಿಗೆ ಸುಲಭವಲ್ಲ. ಮಂಡಿನೋವಿನ ಅಜ್ಜಿಯೂ ಆ ಹೊತ್ತಿಗೆ ನೋವು ಮರೆತಿರುತ್ತಾರೆ.

ಮನೆಗೆಲಸವೂ ಪಾಠವೇ

ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆಯನ್ನು ಮಕ್ಕಳು ಪರೀಕ್ಷೆಯಲ್ಲಿ ವಿಸ್ತರಿಸಿ ಬರೆಯುತ್ತಾರೆ. ಕೈ ಕೆಸರು ಮಾಡಿಕೊಳ್ಳುವ ಅವಕಾಶ ಮಾತ್ರ ಸಿಗುವುದಿಲ್ಲ. ಹಪ್ಪಳ, ಸಂಡಿಗೆ, ಉಪ್ಪಿನಕಾಯಿಯ ಕಾಲ ಇದೇ. ಉಪ್ಪು ಏಕೆ ಅಷ್ಟು ಹಾಕುತ್ತಾರೆ, ಜಾಡಿಗೆ ಒದ್ದೆ ಕೈ ಏಕೆ ತಾಗಬಾರದು ಎಂದು ಕೇಳಿದರೆ ವಿಜ್ಞಾನದ ಒಂದು ಅಧ್ಯಾಯವೇ ತೆರೆದುಕೊಳ್ಳುತ್ತದೆ. ಕಲಿಸುವಾಗ ಮಗಳು ಒಳಗೆ, ಮಗ ಹೊರಗೆ ಎಂಬ ಭೇದ ಬೇಡ. ಮಗ ಅನ್ನಕ್ಕೆ ಇಡುವುದು ಕಲಿಯಲಿ, ಮಗಳು ಗ್ಯಾಸ್ ಸಿಲಿಂಡರು ಬದಲಿಸುವುದು, ಫ್ಯೂಸು ನೋಡುವುದು ಕಲಿಯಲಿ. ಜೊತೆಗೆ ದೊಡ್ಡವರೊಬ್ಬರು ಇರಲಿ.

ತಿಂದುಳಿದ ಮಾವಿನ ಓಟೆ, ಹಲಸಿನ ಬೀಜ, ಬೀದಿಯ ಬೇವಿನ ಬೀಜ ಇವನ್ನೆಲ್ಲ ತೊಳೆದ ಹಾಲಿನ ಪ್ಯಾಕೆಟ್ಟಿನಲ್ಲಿ ಮಣ್ಣು ತುಂಬಿ ಹಾಕಬಹುದು. ತಳದಲ್ಲಿ ನೀರು ಬಸಿಯಲು ಎರಡು ತೂತು ಇರಬೇಕು. ಈ ಬೀಜಗಳು ಬಹಳ ದಿನ ಕಾಯುವುದಿಲ್ಲ, ಹಸಿಯಾಗಿದ್ದಾಗಲೇ ನೆಡಬೇಕು. ಜೂನಿನಲ್ಲಿ ಮುಂಗಾರು ಬರುವ ಹೊತ್ತಿಗೆ ಸಸಿ ಕೈಯಲ್ಲಿರುತ್ತದೆ. ಶಾಲೆ ತೆರೆದ ಮೊದಲ ದಿನ ಒಂದು ಸಸಿ ಹಿಡಿದು ಹೋಗುವ ಹುಡುಗನ ಸಂಭ್ರಮವೇ ಬೇರೆ.

ತಾಯಿಯ ಹೊಲಿಗೆಯ ಲೆಕ್ಕವನ್ನು ಮಗಳು ಬರೆಯಬಹುದು. ಅಂಗಡಿಯ ಮೀಟರಿಗೂ ಅಜ್ಜಿಯ ಗಜಕ್ಕೂ ಇರುವ ವ್ಯತ್ಯಾಸವನ್ನು ತಂದೆ ತೋರಿಸಬಹುದು. ಮನೆಯ ಕಸುಬಿನಲ್ಲಿ ರಜೆಯಲ್ಲಿ ಕೈಜೋಡಿಸಲು ಕಾನೂನಿನ ಅಡ್ಡಿಯಿಲ್ಲ. ಆದರೆ ಹದಿನಾಲ್ಕು ತುಂಬದ ಮಕ್ಕಳನ್ನು ಹೊರಗಿನ ಅಂಗಡಿ, ಹೋಟೆಲುಗಳಲ್ಲಿ ಕೆಲಸಕ್ಕೆ ಇಡುವುದು ಅಪರಾಧ. ಹದಿನೆಂಟರವರೆಗೆ ಅಪಾಯದ ಕೆಲಸಗಳಿಗೆ ನಿಷೇಧವಿದೆ. "ರಜೆಯಲ್ಲವೇ" ಎಂಬುದು ಅದಕ್ಕೆ ಸಬೂಬಲ್ಲ.

ಹತ್ತು ವರ್ಷ ದಾಟಿದ ಮಕ್ಕಳು ತಮ್ಮ ಹೆಸರಿನ ಉಳಿತಾಯ ಖಾತೆಯನ್ನು ತಾವೇ ನಡೆಸಲು ರಿಸರ್ವ್ ಬ್ಯಾಂಕ್ 2014ರಲ್ಲಿ ಅವಕಾಶ ಕೊಟ್ಟಿತು. ಮಿತಿಗಳನ್ನು ಆಯಾ ಬ್ಯಾಂಕು ಹೇಳುತ್ತದೆ. ಬ್ಯಾಂಕಿಗೆ ಹೋಗಿ, ಚೀಟಿ ತುಂಬಿ, ಸರದಿಯಲ್ಲಿ ನಿಂತು ಬರುವುದನ್ನು ಒಂದು ಬೆಳಿಗ್ಗೆ ಕಲಿಸಬಹುದು.

ಪುಸ್ತಕಕ್ಕೆ ಹಣ ಬೇಕಿಲ್ಲ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಆರರಿಂದ ಹದಿನೆಂಟು ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡುವ "ಓದುವ ಬೆಳಕು" ಕಾರ್ಯಕ್ರಮ 2020ರಲ್ಲಿ ಆರಂಭವಾಯಿತು. ಪಟ್ಟಣಗಳಲ್ಲಿ ಸಾರ್ವಜನಿಕ ಗ್ರಂಥಾಲಯದ ಶಾಖೆಗಳಿವೆ. ಮಗು ಆರಿಸಿದ ಪುಸ್ತಕವನ್ನು "ಇದೇನು, ಬರೀ ಚಿತ್ರ!" ಎಂದು ಕಿತ್ತುಕೊಳ್ಳದಿದ್ದರೆ ಸಾಕು, ಓದು ತಾನಾಗಿ ಬೆಳೆಯುತ್ತದೆ.

ನೀರು ಮತ್ತು ಗಾಡಿ

ಇಷ್ಟೆಲ್ಲ ಹೇಳುವಾಗ ಎರಡು ಎಚ್ಚರಿಕೆಯ ಮಾತು ಹೇಳದೆ ವಿಧಿಯಿಲ್ಲ. ಪ್ರತಿ ಬೇಸಿಗೆಯಲ್ಲೂ ಕೆರೆ, ಕಾಲುವೆ, ಕಲ್ಲುಕ್ವಾರಿಯ ಹೊಂಡಗಳಲ್ಲಿ ಮಕ್ಕಳು ಮುಳುಗಿದ ಸುದ್ದಿ ಪತ್ರಿಕೆಗಳಲ್ಲಿ ಬರುತ್ತದೆ. ಕೃಷಿ ಹೊಂಡದ ಅಪಾಯ ಬಹಳ ಜನಕ್ಕೆ ತಿಳಿದಿಲ್ಲ. ಅದರ ಬದಿಗೆ ಹಾಸಿದ ಪ್ಲಾಸ್ಟಿಕ್ ಹಾಳೆ ಜಾರುತ್ತದೆ. ಬಿದ್ದವರಿಗೆ, ಈಜು ಬಂದರೂ, ಹತ್ತಿ ಬರುವುದು ಕಷ್ಟ. ಒಬ್ಬ ಬಿದ್ದರೆ ಎತ್ತಲು ಹೋದ ಇನ್ನೊಬ್ಬನೂ ಬೀಳುತ್ತಾನೆ. ಯಾರಾದರೂ ಮುಳುಗುತ್ತಿದ್ದರೆ ನೀರಿಗೆ ಹಾರಬಾರದು, ಹಗ್ಗವನ್ನೋ ಸೀರೆಯನ್ನೋ ಉದ್ದ ಗಳುವನ್ನೋ ಚಾಚಬೇಕು, ಕೂಗಿ ದೊಡ್ಡವರನ್ನು ಕರೆಯಬೇಕು ಎಂಬುದನ್ನು ಪ್ರತಿ ಮಗುವಿಗೂ ಹೇಳಿಕೊಟ್ಟಿರಬೇಕು. ಈಜು ಕಲಿಯಲಿ, ಆದರೆ ಈಜು ಬಲ್ಲ ದೊಡ್ಡವರು ಪಕ್ಕದಲ್ಲಿದ್ದಾಗ ಮಾತ್ರ. ಮೇಲಿನ ಮನೆಯ ಮಗನಿಗೆ ಇದಕ್ಕಾಗಿ ತಂದೆ ವಾರದ ರಜೆಯ ಬೆಳಿಗ್ಗೆಗಳನ್ನು ಮೀಸಲಿಡುತ್ತಾರೆ.

ಎರಡನೆಯದು ಗಾಡಿ. ಹದಿನೈದು-ಹದಿನಾರರ ಮಕ್ಕಳು ರಜೆಯಲ್ಲಿ ಅಪ್ಪನ ಬೈಕು ಕಲಿಯುತ್ತೇವೆ ಎನ್ನುತ್ತಾರೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಪ್ರಕಾರ ಅಪ್ರಾಪ್ತರು ಗಾಡಿ ಓಡಿಸಿ ತಪ್ಪು ಮಾಡಿದರೆ ಪಾಲಕರಿಗೆ ಅಥವಾ ವಾಹನದ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು; ವಾಹನದ ನೋಂದಣಿ ಒಂದು ವರ್ಷ ರದ್ದು. ದಂಡ ಕಟ್ಟಿ ತೀರಿಸಬಹುದು. ಅಪಘಾತವಾದರೆ ಕಳೆದುಕೊಂಡದ್ದು ತಿರುಗಿ ಬರುವುದಿಲ್ಲ. ಸದ್ಯಕ್ಕೆ ಸೈಕಲ್ಲೇ ಸಾಕು.

ಖಾಲಿ ಬಿಟ್ಟ ಚೌಕ

ಯಾವ ಯೋಜನೆಯೂ ಬರೆದಂತೆ ನಡೆಯುವುದಿಲ್ಲ. ಮೇ ಮೊದಲ ವಾರದಲ್ಲಿ ಮಗನಿಗೆ ಜ್ವರ ಬರುತ್ತದೆ. ಎಲ್ಲರೂ ಒಟ್ಟಿಗೆ ಹೋಗಬೇಕಿದ್ದ ದಿನ ಅಂಗಡಿಯಲ್ಲಿ ತುರ್ತು ಕೆಲಸ. ಪ್ರವಾಸ ಮುಂದಕ್ಕೆ ಹೋಗಿ, ಕೊನೆಗೆ ದೂರದ ಊರಿನ ಬದಲು ಕಾರಂಜಿ ಕೆರೆಯ ದಂಡೆಯ ಪ್ರಾಕೃತಿಕ ಇತಿಹಾಸ ಸಂಗ್ರಹಾಲಯಕ್ಕೆ ಬುತ್ತಿ ಕಟ್ಟಿಕೊಂಡು ಹೋಗಿ ಬರುವುದಾಗುತ್ತದೆ. ಮೈಸೂರಿನಲ್ಲೇ ಇದ್ದರೂ ತಂದೆ ಅದನ್ನು ಅದುವರೆಗೆ ನೋಡಿರಲಿಲ್ಲ.

ಜ್ವರ ಬಿಟ್ಟ ಮಗ ಮೂರು ದಿನ ಕಿಟಕಿಯ ಬಳಿ ಮಲಗಿರುತ್ತಾನೆ. ಆ ಚೌಕಗಳು ಖಾಲಿ. ಎದುರಿನ ಮರದ ಕಾಗೆ ಗೂಡಿನ ಸುತ್ತ ಕೋಗಿಲೆ ಸುಳಿದಾಡುವುದನ್ನು ಅವನು ಆಗ ನೋಡುತ್ತಾನೆ. ಕೋಗಿಲೆ ತಾನು ಗೂಡು ಕಟ್ಟದೆ ಕಾಗೆಯ ಗೂಡಿನಲ್ಲಿ ಮೊಟ್ಟೆ ಇಡುತ್ತದೆ ಎಂದು ಪುಸ್ತಕದಲ್ಲಿ ಓದಿದ್ದ. ಕಣ್ಣಾರೆ ಕಂಡದ್ದು ಅದೇ ಮೊದಲು. ಇದನ್ನು ಯಾರೂ ಹಾಳೆಯಲ್ಲಿ ಬರೆದಿರಲಿಲ್ಲ. "ಬೇಜಾರಮ್ಮಾ" ಎಂದ ಮಗುವಿನ ಕೈಗೆ ಕೂಡಲೇ ಏನನ್ನಾದರೂ ತುರುಕುವ ಬದಲು ಸ್ವಲ್ಪ ಹೊತ್ತು ಸುಮ್ಮನೆ ಬಿಟ್ಟರೆ ಅದು ತಾನೇ ದಾರಿ ಹುಡುಕಿಕೊಳ್ಳುತ್ತದೆ.

ಮೇ ಕೊನೆಯ ಭಾನುವಾರ ತಾಯಿ ಗೋಡೆಯ ಹಾಳೆಯನ್ನು ಕೆಳಗಿಳಿಸುತ್ತಾರೆ. ನಲವತ್ತೊಂಬತ್ತು ಮನೆಯಲ್ಲಿ ಅರ್ಧದಷ್ಟರಲ್ಲಿ ಕಾಟು, ತಿದ್ದು, ಬಾಣದ ಗುರುತು. ಟ್ಯೂಷನ್ನು ನಾಲ್ಕನೆಯ ವಾರದಿಂದ ಆರಂಭವಾಗಿದೆ. ಮಗಳು ಹೋಗಿ ಬರುತ್ತಿದ್ದಾಳೆ. ಗಣಿತ ಒಂದೇ ಬೇಸಿಗೆಯಲ್ಲಿ ಸುಲಭವಾಗಿಲ್ಲ, ಆದರೆ ಬೋರ್ಡಿಗೆ ಕರೆದರೆ ಏಳುತ್ತಾಳೆ. ಮಗ ಇನ್ನೂ ಪೂರ್ತಿ ಈಜಲಾರ, ನಾಲ್ಕು ಮಾರು ತೇಲುತ್ತಾನೆ. ಅಜ್ಜಿಯ ಧ್ವನಿ ಮೊಬೈಲಿನಲ್ಲಿ ಒಂದು ಗಂಟೆ ಇಪ್ಪತ್ತು ನಿಮಿಷದಷ್ಟು ಇದೆ.

ಹಳೆಯ ಕಾಗದದ ಕಟ್ಟಿಗೆ ಸೇರಿಸಲು ಹೋದ ಹಾಳೆಯನ್ನು ತಂದೆ ತಡೆದು, ಮಡಿಸಿ, ಪಡಿತರ ಚೀಟಿ, ಜನನ ಪತ್ರಗಳಿರುವ ಡಬ್ಬಿಯೊಳಗೆ ಇಡುತ್ತಾರೆ. ಮಗಳಿಗೆ ಇದು ಒಂಬತ್ತನೆಯ ದೊಡ್ಡ ರಜೆ, ಮಗನಿಗೆ ಐದನೆಯದು. ಮುಂದಿನ ಏಪ್ರಿಲಿನಲ್ಲಿ ಮತ್ತೊಂದು ಕ್ಯಾಲೆಂಡರಿನ ಹಿಂಬದಿ ಖಾಲಿ ಇರುತ್ತದೆ.